ಅವ್ವನಿಗೆ ಆಗದ ಆಪರೇಷನ್

ಒಂದು ಕಾಲದಲ್ಲಿ ನಮ್ಮ ಮನೆಯಲ್ಲಿ ದಿನ ಶುರುವಾಗುತ್ತಿದ್ದದ್ದೇ ಸೂಜಿಯಿಂದ. ಕಾಫಿಗೆ ಮುಂಚೆ ಅವ್ವ ನನ್ನ ತೋಳಿಗೆ ಇನ್ಸುಲಿನ್ ಚುಚ್ಚುತ್ತಿದ್ದಳು, ಆಮೇಲೆ ನಾನು ಅವಳ ಹೊಟ್ಟೆಗೆ ಚುಚ್ಚುತ್ತಿದ್ದೆ. ಇಬ್ಬರಿಗೂ ಸಕ್ಕರೆ ಕಾಯಿಲೆ, ಇಬ್ಬರಿಗೂ ಬಿ.ಪಿ., ಇಬ್ಬರಿಗೂ ಮಂಡಿನೋವು. ಚುಚ್ಚುವಾಗ ಅವ್ವ ಸುಮ್ಮನಿರುತ್ತಿರಲಿಲ್ಲ.

“ನಿಂಗೆ ಎಲ್ಲಿ ಚುಚ್ಚಿದ್ರೂ ಜಾಗ ಅದೆ ಕಣೆ ಶಶಿ. ಉಡುಕೋ ಕಷ್ಟಾನೇ ಇಲ್ಲ.”

ಅವ್ವನೂ ದಪ್ಪ. ಆದರೆ ನನಗಿಂತ ಒಂದಿಷ್ಟು ಕಡಿಮೆ. ಆ ಒಂದಿಷ್ಟನ್ನೇ ಅವಳು ಬಹಳ ಜತನದಿಂದ ಕಾಪಾಡಿಕೊಂಡು ಬಂದಿದ್ದಳು. ಯಾರಾದರೂ ಅವಳ ಮೈ ನೋಡಿ ಏನಾದರೂ ಅನ್ನುವ ಮೊದಲೇ ನನ್ನನ್ನು ಮುಂದೆ ಮಾಡಿ ತೋರಿಸುತ್ತಿದ್ದಳು. ನೆಂಟರ ಮನೆಯಲ್ಲಿ ಕುರ್ಚಿ ಹಾಕಿದರೆ, “ಅವಳಿಗೆ ಅದು ತಡೆಯಲ್ಲ, ಮಂಚ ತೋರ್ಸಿ” ಎಂದು ಎಲ್ಲರೂ ಕೇಳುವ ಹಾಗೆ ಹೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಆ ನಗುವಿನ ಸಂದಿಯಲ್ಲಿ ಅವ್ವ ತನ್ನ ಪಾಡಿಗೆ ತಾನು ಗೋಡೆ ಹಿಡಿದು ಮೆಲ್ಲಗೆ ಕುಳಿತುಕೊಳ್ಳುತ್ತಿದ್ದಳು.

ಮೈಸೂರಿನ ಕೃಷ್ಣಮೂರ್ತಿಪುರಂನ ಮನೆಯಲ್ಲಿದ್ದದ್ದು ನಾವಿಬ್ಬರೇ. ಅಪ್ಪ ತೀರಿಕೊಂಡ ಮೇಲೆ ಮಂಡಿ ಮೊಹಲ್ಲಾದ ಮೆಣಸಿನಕಾಯಿ, ಹುಣಸೆಹಣ್ಣಿನ ಸಗಟು ಅಂಗಡಿ ಅಣ್ಣನ ಕೈಗೆ ಬಂತು. ಅವನು ಹೆಂಡತಿ ಮಕ್ಕಳ ಜೊತೆ ಅಂಗಡಿಯ ಮೇಲಿನ ಮಹಡಿಯಲ್ಲೇ ಇದ್ದ. ನಾನು ಅಗ್ರಹಾರದಲ್ಲಿ ಒಂದು ಸಣ್ಣ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಮದುವೆ ಆಗಲಿಲ್ಲ. ಒಂದೇ ಒಂದು ಸಲ ಹೆಣ್ಣು ನೋಡಲು ನಂಜನಗೂಡಿನಿಂದ ಬಂದಿದ್ದರು. ನಾನೇ ಕಾಫಿ ತಟ್ಟೆ ಹಿಡಿದು ಹೊರಗೆ ಬಂದೆ. ಹುಡುಗನ ಸೋದರತ್ತೆ ಲೋಟ ತೆಗೆದುಕೊಂಡು, “ನೀವೂ ಕೂತ್ಕೊಳಿ, ಹುಡುಗೀನ ಕರೀರಿ” ಅಂದರು. ನನ್ನನ್ನು ಹುಡುಗಿಯ ಅತ್ತಿಗೆಯೋ ಚಿಕ್ಕಮ್ಮನೋ ಅಂದುಕೊಂಡಿದ್ದರು. ಅದನ್ನು ಅವ್ವ ಬಹಳ ವರ್ಷ ಕತೆಯಾಗಿ ಹೇಳಿದಳು, ಅತ್ತೆಯ ದನಿಯನ್ನು ಹಾಗೇ ತೆಗೆದು.

ಸಕ್ಕರೆ ಕಾಯಿಲೆ ನನಗೆ ಮೂವತ್ತು ದಾಟುತ್ತಿದ್ದಂತೆ ಬಂತು. ಮೊದಲು ಮಾತ್ರೆ, ಆಮೇಲೆ ಇನ್ಸುಲಿನ್. ತೊಂಬತ್ತರ ದಶಕವೆಲ್ಲ ನಾನು ನೋಡಿದ ಡಾಕ್ಟರರು ಒಂದೇ ಮಾತು ಹೇಳಿದರು: ತೂಕ ಇಳಿಸಿ. ಒಬ್ಬರು ಅನ್ನ ಬಿಡಿಸಿ ಮುದ್ದೆ ಹಿಡಿಸಿದರು, ಇನ್ನೊಬ್ಬರು ಮುದ್ದೆ ಬಿಡಿಸಿ ಚಪಾತಿ ಹಿಡಿಸಿದರು. ಎಲ್ಲವನ್ನೂ ಮಾಡಿದೆ. ಸ್ವಲ್ಪ ಇಳಿಯುತ್ತಿದ್ದೆ, ಇಳಿದದ್ದು ಬಡ್ಡಿ ಸೇರಿಸಿಕೊಂಡು ವಾಪಸ್ಸು ಬರುತ್ತಿತ್ತು. ಒಬ್ಬ ಡಾಕ್ಟರ್ ನನ್ನ ರಕ್ತದ ರಿಪೋರ್ಟ್ ನೋಡಿ, ನನ್ನನ್ನು ನೋಡದೆ, “ಕದ್ದು ತಿಂತೀರಾ?” ಎಂದು ಕೇಳಿದರು. ಪಕ್ಕದಲ್ಲಿದ್ದ ಅವ್ವ, “ಕದಿಯೋದ್ಯಾಕೆ ಸ್ವಾಮಿ, ಅವಳದೇ ಮನೆ” ಅಂದಳು.

ನನ್ನನ್ನು ನಿಜವಾಗಿ ಹೆದರಿಸಿದ್ದು ನಿದ್ದೆ. ರಾತ್ರಿಯೆಲ್ಲ ಗೊರಕೆ, ಮಧ್ಯೆ ಮಧ್ಯೆ ಉಸಿರೇ ನಿಂತುಬಿಡುತ್ತಿತ್ತಂತೆ. ಅವ್ವ ತನ್ನ ಮಂಚದ ಪಕ್ಕದಲ್ಲಿ ಬಟ್ಟೆ ಒಣಹಾಕುವ ಕೋಲನ್ನು ಇಟ್ಟುಕೊಂಡು, ಉಸಿರು ನಿಂತಾಗಲೆಲ್ಲ ನನ್ನ ಪಕ್ಕೆಗೆ ತಿವಿಯುತ್ತಿದ್ದಳು. ನನ್ನ ಪಕ್ಕೆಯಲ್ಲಿ ಸದಾ ಸಣ್ಣ ಸಣ್ಣ ನೀಲಿ ಕಲೆ. ಹಗಲಲ್ಲಿ ಕುಳಿತಲ್ಲೇ ನಿದ್ದೆ ಬರುತ್ತಿತ್ತು. ಇನ್‌ಸ್ಟಿಟ್ಯೂಟಿನಲ್ಲಿ ಎಲ್ಲ ಮೆಷಿನ್ನುಗಳೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದರೂ ನಾನು ಮೇಜಿನ ಹಿಂದೆ ನಿದ್ದೆ ಹೋಗುತ್ತಿದ್ದೆ. ಎಚ್ಚರವಾಗುತ್ತಿದ್ದದ್ದು ಸದ್ದು ನಿಂತಾಗ. ಕಣ್ಣು ಬಿಟ್ಟರೆ ಹುಡುಗಿಯರೆಲ್ಲ ಟೈಪ್ ಮಾಡುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿರುತ್ತಿದ್ದರು. ಒಬ್ಬಳು ಬಾಯಿಗೆ ದಾವಣಿ ಸೆರಗು ತುರುಕಿಕೊಂಡಿರುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ನಮ್ಮ ಬಡಾವಣೆಗೆ ಹೊಸದಾಗಿ ಬಂದ ಲೇಡಿ ಡಾಕ್ಟರ್ ಒಬ್ಬರು ಬೇರೆ ಮಾತು ಆಡಿದರು. ಬೆಂಗಳೂರಿನಲ್ಲಿ ಹೊಟ್ಟೆಗೆ ಒಂದು ಆಪರೇಷನ್ ಮಾಡುತ್ತಾರೆ, ಹೊಟ್ಟೆಯನ್ನು ಚಿಕ್ಕದು ಮಾಡಿ ಕರುಳನ್ನು ಅದಕ್ಕೆ ಜೋಡಿಸುತ್ತಾರೆ, ಸಣ್ಣಗಾಗುವುದಕ್ಕಿಂತ ಮೊದಲೇ ಸಕ್ಕರೆ ಹತೋಟಿಗೆ ಬರುವುದುಂಟು ಎಂದರು. ಕಾಗದ ಬರೆದುಕೊಡಲು ನನ್ನ ತೂಕ ಬೇಕಿತ್ತು. ಅವರ ತೂಕದ ಯಂತ್ರದ ಮೇಲೆ ನಿಂತೆ. ಮುಳ್ಳು ಕೊನೆಗೆ ಹೋಗಿ ತಾಗಿ ನಿಂತಿತು.

“ಅಂಗಡಿಗೆ ಬಾ, ದೊಡ್ಡ ತಕ್ಕಡೀಲಿ ನೋಡಿದ್ರಾಯ್ತು” ಎಂದ ಅಣ್ಣ. “ಊಟದ ಹೊತ್ತಿಗೆ ಬಾ. ಯಾರೂ ಇರಲ್ಲ.”

ಎಲ್ಲರೂ ಇದ್ದರು. ಚೀಲ ತೂಗುವ ಆ ತಕ್ಕಡಿಗೆ ನೆಲದ ಮಟ್ಟದಲ್ಲಿ ಒಂದು ಕಬ್ಬಿಣದ ಹಲಗೆ. ಮೆಣಸಿನಕಾಯಿ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಅದು ಒಳ್ಳೆಯದೇ ಆಯಿತು. ಚಪ್ಪಲಿ ಬಿಟ್ಟು ಹಲಗೆಯ ಮೇಲೆ ನಿಂತೆ. ತೂಕ ಹಾಕುವ ಹಮಾಲಿ ಕಂಬಿಯ ಮೇಲಿನ ಬಟ್ಟು ಸರಿಸಿ, ದಿನವೂ ಕೂಗುವ ರಾಗದಲ್ಲೇ ಕೂಗಿಬಿಟ್ಟ.

“ನೂರಾ ಮೂವತ್ತೆಂಟೂ.”

ಮೂಲೆಯಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಕುಳಿತವರಲ್ಲಿ ಒಬ್ಬ ತಲೆ ಎತ್ತದೆ ಕೇಳಿದ: “ಸಾವ್ಕಾರ್ರೆ, ಚೀಲದ ತೂಕ ಕಳೀಬೇಕಾ?”

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಬೇಕೆಂದು ನಗಲಿಲ್ಲ, ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಅದನ್ನು ಕೆಮ್ಮು ಮಾಡಲು ನೋಡಿದ. ನಾನು ಚಪ್ಪಲಿ ಹಾಕಿಕೊಳ್ಳಲು ಬಗ್ಗಲಾರದೆ ಕಾಲಿನಲ್ಲೇ ತಡಕಾಡುತ್ತಿದ್ದೆ. ಅವನು ಬಂದು ಕುಕ್ಕರುಗಾಲಲ್ಲಿ ಕುಳಿತು ಚಪ್ಪಲಿ ತೊಡಿಸಿದ. ಹಾಗೇ ಕುಳಿತುಕೊಂಡು, “ಮಾಡ್ಸಣ ಕಣೆ. ಖರ್ಚು ನಾನ್ ನೋಡ್ಕತೀನಿ” ಅಂದ.

ಬೆಂಗಳೂರಿಗೆ ಮೊದಲ ಸಲ ಹೊರಟಾಗ ಅವ್ವನೂ ಸೀರೆ ಉಟ್ಟು ರೆಡಿಯಾಗಿ ನಿಂತಿದ್ದಳು. “ನಂಗೂ ಅದೇ ಕಾಯ್ಲೆ. ನಂಗೂ ಮಾಡ್ತಾರೇನೋ ಕೇಳಣ” ಅಂದಳು. ಅಲ್ಲಿಯವರೆಗೆ ಆಕೆ ಆಪರೇಷನ್ನಿನ ಬಗ್ಗೆ ಒಂದು ಒಳ್ಳೆಯ ಮಾತೂ ಆಡಿರಲಿಲ್ಲ.

ಆ ಆಸ್ಪತ್ರೆಯಲ್ಲಿ ಕಾಯುವ ಕೋಣೆಯ ಕುರ್ಚಿಗಳಿಗೆ ಕೈಗಳಿರಲಿಲ್ಲ. ಅಗಲವಾದ, ಗಟ್ಟಿಯಾದ ಕುರ್ಚಿಗಳು. ಬೇರೆ ಆಸ್ಪತ್ರೆಗಳಲ್ಲಿ ಕುರ್ಚಿಯ ಎರಡು ಕೈಗಳ ಮಧ್ಯೆ ಸೊಂಟ ತೂರಿಸಿ, ಎದ್ದಾಗ ಕುರ್ಚಿಯೂ ಜೊತೆಗೆ ಎದ್ದು ಬಂದ ಅನುಭವ ಇರುವವರಿಗೆ ನಾನು ಏನು ಹೇಳುತ್ತಿದ್ದೇನೆ ಎಂದು ಗೊತ್ತಾಗುತ್ತದೆ. ಅವ್ವ ಕುಳಿತು, ಪಕ್ಕದಲ್ಲಿ ಕೈ ಆಡಿಸಿ, ಏನೂ ಒತ್ತುತ್ತಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡು, “ಮೊದ್ಲೇ ಬರ್ಬೇಕಿತ್ತು” ಅಂದಳು. ಸುತ್ತ ಕುಳಿತವರೆಲ್ಲ ನಮ್ಮಂಥವರೇ. ಯಾರೂ ಯಾರನ್ನೂ ದಿಟ್ಟಿಸುತ್ತಿರಲಿಲ್ಲ.

ಸರ್ಜನ್ ಸಭ್ಯರು. ನನ್ನ ರಿಪೋರ್ಟುಗಳನ್ನು ನೋಡಿ ಆಗಬಹುದು ಎಂದರು. ಅವ್ವನದನ್ನು ಬಹಳ ಹೊತ್ತು ನೋಡಿದರು. ಹೃದಯ ಬಲವಾಗಿಲ್ಲ, ಕಿಡ್ನಿಗೂ ಪೆಟ್ಟು ಬಿದ್ದಿದೆ, ಅರಿವಳಿಕೆ ತಡೆಯುವುದಿಲ್ಲ ಎಂದು ನನ್ನ ಕಡೆ ನೋಡಿ ಹೇಳಿದರು. ಅವ್ವ ಅವರ ಮುಖವನ್ನೇ ನೋಡುತ್ತಿದ್ದಳು.

“ನಾನು ಸಾಯೋಕೆ ರೆಡಿ ಇದೀನಿ ಸ್ವಾಮಿ. ಮಾಡ್ಬುಡಿ.”

“ಹಾಗಲ್ಲಮ್ಮ. ಮೊದಲು ಸ್ವಲ್ಪ ತೂಕ ಇಳಿಸಿ, ದಿನಾ ನಡೀರಿ. ಹೃದಯ ಸುಧಾರಿಸಿದ್ರೆ ಆಮೇಲೆ ನೋಡೋಣ” ಎಂದು ಸರ್ಜನ್ ಅವಳ ಕೈ ಹಿಡಿದು ಎಬ್ಬಿಸಿದರು.

ವಾಪಸ್ಸು ಬರುವಾಗ ರೈಲಿನಲ್ಲಿ ಮದ್ದೂರು ಬರುವವರೆಗೆ ಅವ್ವ ತನ್ನ ರಿಪೋರ್ಟುಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಎದುರಿಗೆ ಕುಳಿತವರು ವಡೆ ಪೊಟ್ಟಣ ಬಿಚ್ಚಿದಾಗ ಕಿಟಕಿಯ ಕಡೆ ತಿರುಗಿ, “ನಿಂಗೆ ಆಯ್ತದೆ, ನಂಗೆ ಆಗಲ್ಲ ಅಂತ ಕೇಳ್ಸಕೆ ಇಷ್ಟು ದೂರ ಕರ್ಕಂಡ್ ಬಂದ್ಯಾ?” ಅಂದಳು.

ಆಪರೇಷನ್ನಿಗೆ ಅಣ್ಣ ಮಾತ್ರ ಬಂದ. ಒಳಗೆ ಹೋಗುವ ಮೊದಲು ಕೊರಳಿನ ಲಿಂಗ ತೆಗೆಯಬೇಕು ಎಂದರು. ಕಟ್ಟಿದ ಲಿಂಗವನ್ನು ಬದುಕಿರುವಾಗ ತೆಗೆಯಬಾರದು ಎಂದು ಕೇಳುತ್ತಲೇ ಬೆಳೆದವಳು ನಾನು. ಕೈ ಮೇಲೇಳಲಿಲ್ಲ. ಅರಿವಳಿಕೆ ಕೊಡುವ ಹೆಂಗಸು ನನ್ನ ಮುಖ ನೋಡಿ ಏನನ್ನೂ ಕೇಳದೆ, ಅದನ್ನು ಹತ್ತಿಯಲ್ಲಿ ಸುತ್ತಿ ನನ್ನ ಬಲತೋಳಿಗೆ ಬ್ಯಾಂಡೇಜ್ ಕಟ್ಟಿದರು. “ಇಲ್ಲಿದ್ರೆ ನಮಗೇನೂ ಅಡ್ಡ ಇಲ್ಲ” ಎಂದರು. ಅವರ ಹೆಸರು ನಾನು ಕೇಳಿಕೊಳ್ಳಲಿಲ್ಲ. ಅವರ ಬೆರಳು ತಣ್ಣಗಿದ್ದದ್ದು ನೆನಪಿದೆ.

ಎಚ್ಚರವಾದ ಮೇಲಿನ ನೋವಿನ ಬಗ್ಗೆ ಬರೆದು ಯಾರನ್ನೂ ಹೆದರಿಸುವುದಿಲ್ಲ. ಅದು ಹೋಗುತ್ತದೆ. ಹೇಳಬೇಕಾದದ್ದು ಬೇರೆ ಇದೆ. ಆಪರೇಷನ್ ಆಗಿ ಇನ್ನೂ ಒಂದು ವಾರ ತುಂಬಿರಲಿಲ್ಲ. ಔಷಧಿ ಲೋಟದಷ್ಟು ತಿಳಿಗಂಜಿಯನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದೆ. ಮೈಯಲ್ಲಿ ಒಂದು ಹಿಡಿ ಮಾಂಸ ಕೂಡ ಕಡಿಮೆಯಾದಂತಿರಲಿಲ್ಲ. ಬೆಳಗ್ಗೆ ನರ್ಸ್ ಬಂದು ಬೆರಳು ಚುಚ್ಚಿ ಸಕ್ಕರೆ ನೋಡಿ ಹೊರಟಳು. ನಾನು ರೂಢಿಯಿಂದ ತೋಳು ಚಾಚಿಕೊಂಡೇ ಇದ್ದೆ.

“ಇನ್ಸುಲಿನ್ ಕೊಡಲಿಲ್ಲ ಸಿಸ್ಟರ್” ಎಂದೆ.

“ಬೇಡ ಮೇಡಂ. ನಾರ್ಮಲ್ ಬಂದಿದೆ. ನಿನ್ನೆಯಿಂದ್ಲೇ ನಿಲ್ಸಿದೀವಲ್ಲ.”

ಅಷ್ಟು ವರ್ಷ ನಾನು ಕದ್ದು ತಿನ್ನುತ್ತೇನೆ ಎಂದು ಎಲ್ಲರೂ ನಂಬಿದ್ದರು. ಕೊನೆಕೊನೆಗೆ ನನಗೂ ಅನುಮಾನ ಬಂದಿತ್ತು, ನಿದ್ದೆಯಲ್ಲಿ ಎದ್ದು ಹೋಗಿ ತಿನ್ನುತ್ತೇನೋ ಏನೋ ಎಂದು. ಚಾಚಿದ ತೋಳನ್ನು ಮಡಚಿ ಹೊದಿಕೆಯ ಒಳಗೆ ಇಟ್ಟುಕೊಂಡೆ. ಅಣ್ಣ ಹೊರಗೆ ಹೋಗಿ ಮೈಸೂರಿಗೆ ಫೋನ್ ಮಾಡಿ ಬಂದ. ಅವ್ವ ಏನಂದಳು ಎಂದು ಕೇಳಿದೆ. ಹೇಳಲು ಹಿಂದೆಮುಂದೆ ನೋಡಿದ.

“ಮಿಷಿನ್ ಕೆಟ್ಟಿರ್ಬೇಕು ನೋಡು ಅಂದ್ಲು.”

ಮನೆಗೆ ಬಂದ ಮೇಲೆ ಏನು ಕುಡಿಯಬೇಕು, ಏನು ಕೂಡದು ಎಂಬುದನ್ನೆಲ್ಲ ಅಣ್ಣ ಅವ್ವನ ಎದುರಿಗೇ ಎರಡೆರಡು ಸಲ ಹೇಳಿದ್ದ. ಸಿಹಿಯನ್ನಂತೂ ನಾಲಿಗೆಗೂ ಸೋಕಿಸಬೇಡ ಎಂದಿದ್ದ. ಮೂರನೇ ದಿನವೋ ನಾಲ್ಕನೇ ದಿನವೋ ಅವ್ವ ರಾಗಿ ಗಂಜಿ ತಂದುಕೊಟ್ಟಳು. ಒಂದು ಗುಟುಕಿಗೇ ಬೆಲ್ಲ ಗೊತ್ತಾಯಿತು. ಎಷ್ಟೋ ದಿನದ ಮೇಲೆ ನಾಲಿಗೆಗೆ ಬಂದ ರುಚಿ. ನಿಲ್ಲಿಸಲು ಆಗದೆ ಲೋಟ ಮುಗಿಸಿದೆ. ಸ್ವಲ್ಪ ಹೊತ್ತಿಗೆ ಎದೆ ಡವಗುಟ್ಟಿ, ಮೈಯೆಲ್ಲ ಬೆವರಿ, ಬಚ್ಚಲು ಮನೆಗೆ ಹೋಗುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಬಚ್ಚಲ ಕಲ್ಲಿನ ಮೇಲೆ ಬಿದ್ದವಳನ್ನು ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಸಪ್ಪೆ ಎಂಗೆ ಕುಡೀತೀಯ ಅಂತ ಚೂರು ಬೆಲ್ಲ ಆಕ್ದೆ. ಅಷ್ಟಕ್ಕೇ ಇಂಗಾ?”

ಆಮೇಲೆ ಬಟ್ಟೆ ಒದ್ದೆ ಮಾಡಿ ತಂದು ನನ್ನ ಹಣೆ ಒರೆಸಿದಳು. ಅವಳು ಮರೆತು ಹಾಕಿದಳೋ, ನೋಡೋಣ ಎಂದು ಹಾಕಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಇಂಥ ಆಪರೇಷನ್ ಮಾಡಿಸಿಕೊಂಡವರು ಒಂದು ವಿಷಯಕ್ಕೆ ತಯಾರಿರಬೇಕು. ನಿಮ್ಮ ಜೊತೆ ಕುಳಿತು ಉಣ್ಣುತ್ತಿದ್ದವರಿಗೆ ನೀವು ಪಂಕ್ತಿಯಿಂದ ಎದ್ದುಹೋದ ಹಾಗೆ ಅನ್ನಿಸುತ್ತದೆ.

ನನ್ನ ಬೆರಳನ್ನು ದಿನಾ ಬೆಳಗ್ಗೆ ಅವ್ವನೇ ಚುಚ್ಚುತ್ತೇನೆ ಎಂದು ಹಟ ಹಿಡಿದಳು. ಬೇಡ ಎಂದರೂ ಬಿಡಲಿಲ್ಲ. ಕನ್ನಡಕ ಹಾಕಿಕೊಂಡು ಮೀಟರಿನಲ್ಲಿ ಅಂಕಿ ಮೂಡುವುದನ್ನು ಕಾಯುತ್ತಿದ್ದಳು. ತೊಂಬತ್ತು ಚಿಲ್ಲರೆ. “ಹ್ಞೂಂ” ಅನ್ನುತ್ತಿದ್ದಳು. ಆಮೇಲೆ ತನ್ನ ಬೆರಳು. ಮುನ್ನೂರರ ಹತ್ತಿರ. ಹೊಟ್ಟೆಯ ಮೇಲಿನ ಸೆರಗು ಸರಿಸಿ ಕುಳಿತುಕೊಳ್ಳುತ್ತಿದ್ದಳು, ನಾನು ಚುಚ್ಚಲಿ ಎಂದು.

ಒಂದು ವರ್ಷದಲ್ಲಿ ನನ್ನ ಮೈ ಅರ್ಧಕ್ಕೆ ಬಂತು. ಬಿ.ಪಿ. ಮಾತ್ರೆ ಒಂದೊಂದಾಗಿ ನಿಂತವು. ಮಂಡಿನೋವು ಹೋಯಿತು. ಗೊರಕೆ ಹೋಗಿ, ಮಲಗಿದರೆ ಬೆಳಗಾಗುವುದೇ ಗೊತ್ತಾಗುತ್ತಿರಲಿಲ್ಲ. “ನಿನ್ ಸದ್ದಿಲ್ದೆ ನಂಗೆ ನಿದ್ದೆ ಬರಲ್ಲ” ಎಂದು ಅವ್ವ ಬೆಳಗ್ಗೆ ಬೆಳಗ್ಗೆ ಗೊಣಗುತ್ತಿದ್ದಳು. ಕೂದಲು ಉದುರಿ ಬೈತಲೆ ಅಗಲವಾಯಿತು. ತೋಳು, ತೊಡೆ, ಹೊಟ್ಟೆಯ ಚರ್ಮ ಜೋತುಬಿತ್ತು. ಕೆನ್ನೆ ಬತ್ತಿ ಮುಖಕ್ಕೆ ಒಮ್ಮೆಲೇ ಮುಪ್ಪು ಬಂತು. ದಪ್ಪಗಿದ್ದಾಗ ನಕ್ಕ ಜನ ಈಗ ನಗುತ್ತಿರಲಿಲ್ಲ, ದೂರ ಸರಿಯುತ್ತಿದ್ದರು. ಆಗ ಊರಿನ ಗೋಡೆಗಳ ಮೇಲೆಲ್ಲ ಏಡ್ಸ್ ಬಗ್ಗೆ ಬರೆಸುತ್ತಿದ್ದ ಕಾಲ. ಇದ್ದಕ್ಕಿದ್ದಂತೆ ಬತ್ತಿಹೋದ ಮದುವೆಯಾಗದ ಹೆಂಗಸು ಎಂದರೆ ಜನಕ್ಕೆ ಬೇರೆ ಏನೂ ತೋಚುತ್ತಿರಲಿಲ್ಲ. ಅಗ್ರಹಾರದಲ್ಲಿ ಮಾಮೂಲಿ ಕಾಫಿ ತರಿಸುತ್ತಿದ್ದ ಹೋಟೆಲಿನವನು ನನಗೆ ಪ್ಲಾಸ್ಟಿಕ್ ಲೋಟದಲ್ಲಿ ಕಳಿಸಲು ಶುರು ಮಾಡಿದ. ಕಂಪ್ಯೂಟರ್ ಬಂದು ಮೊದಲೇ ಕಡಿಮೆಯಾಗಿದ್ದ ವಿದ್ಯಾರ್ಥಿಗಳು ಇನ್ನೂ ಕಡಿಮೆಯಾದರು.

ಒಂದು ಮಧ್ಯಾಹ್ನ ಬೇಗ ಮನೆಗೆ ಬಂದು ಹಿತ್ತಲ ಬಾಗಿಲಿಂದ ಅಡಿಗೆಮನೆಗೆ ಹೋದೆ. ಎದುರುಮನೆಯ ಸರೋಜಮ್ಮ ಮುಂದಿನ ಜಗಲಿಯಲ್ಲಿ ಅವ್ವನ ಹತ್ತಿರ ಕುಳಿತಿದ್ದರು.

“ಶಶಿಗೆ ಏನಾಗದೆ ಕಣ್ರೀ? ಜನ ಏನೇನೋ ಮಾತಾಡ್ತಾರೆ. ಆ ಥರದ್ದು ಏನೂ ಇಲ್ಲ ತಾನೆ?”

ಅವ್ವನ ದನಿ ತಗ್ಗಿತು.

“ಏನೋ ಒಂದು ಅದೆ. ಕೇಳ್ಬೇಡಿ ಸರೋಜಮ್ಮ. ಎತ್ತ ತಾಯಿ ಬಾಯಲ್ಲಿ ಎಂಗೆ ಏಳ್ಲಿ.”

ಅವರು ಹೋದ ಮೇಲೆ ನಾನು ಹೊರಗೆ ಬಂದೆ. ಅವ್ವ ಬೆಚ್ಚಲಿಲ್ಲ.

“ಆಪರೇಷನ್ ಆಯ್ತು ಅಂತ ಹೇಳೋಕೆ ಏನಾಗಿತ್ತವ್ವ ನಿಂಗೆ?”

“ಯಾರ್ಗೂ ಏಳ್ಬೇಡ ಅಂದಿದ್ದು ನೀನೇ ತಾನೆ?”

ಅದು ನಿಜ. ಆಸ್ಪತ್ರೆಗೆ ಹೋಗುವ ಮುಂಚೆ, ಹೊಟ್ಟೆ ಕೊಯ್ಸಿಕೊಂಡು ಸಣ್ಣಗಾದಳು ಎಂದು ಆಡಿಕೊಳ್ಳುತ್ತಾರೆ ಎಂಬ ನಾಚಿಕೆಗೆ ನಾನೇ ಅವಳಿಂದ ಮಾತು ತೆಗೆದುಕೊಂಡಿದ್ದೆ. ನಾನೇ ತೆರೆದಿಟ್ಟ ಬಾಗಿಲಲ್ಲೇ ಅವಳು ಒಳಗೆ ಬಂದಿದ್ದಳು. ಆ ವರ್ಷ ಇನ್‌ಸ್ಟಿಟ್ಯೂಟ್ ಮುಚ್ಚಿದೆ. ವಕೀಲರೊಬ್ಬರ ಕಚೇರಿಯಲ್ಲಿ ಟೈಪ್ ಮಾಡುವ ಕೆಲಸ ಸಿಕ್ಕಿತು. ಅವರು ನನ್ನನ್ನು ಮೊದಲು ನೋಡಿರಲಿಲ್ಲ, ಆದ್ದರಿಂದ ಏನೂ ಕೇಳಲಿಲ್ಲ.

ಆ ಮಳೆಗಾಲದಲ್ಲಿ ಮನೆಯಲ್ಲಿ ಒಂದು ವಾಸನೆ ಶುರುವಾಯಿತು. ಎಲ್ಲೋ ಇಲಿ ಸತ್ತಿರಬೇಕು ಅಂದುಕೊಂಡೆ. ಒಂದು ಭಾನುವಾರ ನಾನೂ ಅವ್ವನೂ ಸೇರಿ ಬೀರು ಸರಿಸಿದೆವು, ಅಕ್ಕಿ ಡ್ರಮ್ಮು ಸರಿಸಿದೆವು, ಅಟ್ಟದ ಹಳೇ ಪಾತ್ರೆ ಕೆಳಗಿಳಿಸಿದೆವು. ಅವ್ವ ಪೊರಕೆ ಹಿಡಿದು ನನ್ನ ಹಿಂದೆಯೇ ಬರುತ್ತಿದ್ದಳು. ನಾವು ಹೋದ ಕಡೆಯೆಲ್ಲ ವಾಸನೆ ಇತ್ತು. ಕೊನೆಗೆ ನಡುಮನೆಯಲ್ಲಿ ಸುಸ್ತಾಗಿ ಕುಳಿತಾಗ ಅವಳ ಪಾದ ನೋಡಿದೆ. ಚಳಿ ಎಂದು ಕೆಲವು ದಿನದಿಂದ ಕಾಲುಚೀಲ ಹಾಕಿಕೊಂಡೇ ಇರುತ್ತಿದ್ದಳು. ಎಡಗಾಲಿನ ಚೀಲದ ತುದಿ ಒದ್ದೆಯಾಗಿ ಕಪ್ಪಾಗಿತ್ತು. ಬಿಚ್ಚಿದೆ. ಕಿರುಬೆರಳು ಚೀಲದ ಜೊತೆಗೇ ಅರ್ಧ ಬಂತು.

“ನೋವಾಗ್ಲಿಲ್ವಾ ಅವ್ವ?”

“ಇಲ್ವಲ್ಲ” ಎಂದಳು ಆಶ್ಚರ್ಯದಿಂದ ಅದನ್ನೇ ನೋಡುತ್ತ. ಸಕ್ಕರೆ ಅವಳ ಪಾದದ ನರಗಳನ್ನು ಯಾವತ್ತೋ ತಿಂದು ಮುಗಿಸಿತ್ತು.

ಆಗಿದ್ದು ಏನೆಂದು ಆಸ್ಪತ್ರೆಗೆ ಬಂದ ಸರೋಜಮ್ಮನ ಬಾಯಿಂದ ಗೊತ್ತಾಯಿತು. ಬೆಳಗ್ಗೆ ನಾನು ಮನೆ ಬಿಟ್ಟ ಮೇಲೆ ಅವ್ವ ದಿನಾ ನಡೆಯಲು ಹೋಗುತ್ತಿದ್ದಳಂತೆ, ತಿಂಗಳುಗಟ್ಟಲೆ. ಡಾಕ್ಟರ್ ಹೇಳಿದರೆಂದು ಹಿಂದೆ ನಾನು ಕೊಂಡು ಮೂಲೆಗೆ ಹಾಕಿದ್ದ ಕ್ಯಾನ್ವಾಸ್ ಷೂ ಹಾಕಿಕೊಂಡು, ಸೀರೆ ಎತ್ತಿಕಟ್ಟಿ, ಪಾರ್ಕನ್ನು ಸುತ್ತುತ್ತಿದ್ದಳು. ನಡುನಡುವೆ ಗ್ರಿಲ್ ಹಿಡಿದು ಏದುಸಿರು ಬಿಡುತ್ತ ನಿಲ್ಲುತ್ತಿದ್ದಳು. ಹುಡುಗರು ಹಿಂದೆ ಹಿಂದೆ ಅವಳ ನಡಿಗೆ ಅಣಕಿಸಿಕೊಂಡು ಬರುತ್ತಿದ್ದರಂತೆ. ಯಾಕಮ್ಮ ಈ ವಯಸ್ಸಲ್ಲಿ ಎಂದು ಸರೋಜಮ್ಮ ಕೇಳಿದರೆ, “ಬೆಂಗ್ಳೂರ್ ಡಾಕ್ಟ್ರು ತೂಕ ಇಳ್ಸಿ ಬನ್ನಿ, ನಿಮ್ಗೂ ಮಾಡ್ತೀನಿ ಅಂದವ್ರೆ” ಅಂದಿದ್ದಳಂತೆ. ಆ ಷೂ ಅವಳಿಗೆ ಬಿಗಿ. ಬೊಬ್ಬೆ ಎದ್ದದ್ದು, ಒಡೆದದ್ದು, ಕೊಳೆತದ್ದು ಯಾವುದೂ ಅವಳಿಗೆ ತಿಳಿಯಲಿಲ್ಲ.

ಮೊದಲು ಎರಡು ಬೆರಳು ತೆಗೆದರು. ಕೊಳೆಯುವುದು ನಿಲ್ಲಲಿಲ್ಲ. ಮಂಡಿಯ ಕೆಳಗೆ ಕಾಲು ತೆಗೆದರು; ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿ ಮಾಡಿದ್ದರಿಂದ ಗರಗಸದ ಸದ್ದು ಅವಳಿಗೆ ಕೇಳಿಸಿತ್ತು. ವಾರ್ಡಿಗೆ ತಂದ ಮಾರನೆಯ ದಿನ ಹೊದಿಕೆಯ ಮೇಲೆ ಕೈ ಆಡಿಸಿ, ಎಲ್ಲಿಗೆ ನಿಂತಿದೆ ಎಂದು ಅಳೆದು ನೋಡಿದಳು.

“ಈಗ ತೂಕ ಇಳೀತಲ್ಲ. ಆ ಡಾಕ್ಟ್ರಿಗೆ ಫೋನ್ ಮಾಡು.”

ಅಣ್ಣ ಎದ್ದು ಹೊರಗೆ ಹೋದ. ನಾನು ನಗಲಿಲ್ಲ, ಅವಳೂ ನಗಲಿಲ್ಲ. ತಮಾಷೆಗೆ ಅಂದಳು ಅಂದುಕೊಂಡಿದ್ದೆ. ಆದರೆ ಮನೆಗೆ ಬಂದ ಮೇಲೂ ಮತ್ತೆ ಮತ್ತೆ ಕೇಳಿದಳು. ನನ್ನ ವರ್ಷದ ತಪಾಸಣೆಗೆ ಹೋದಾಗ ಸರ್ಜನ್ ಹತ್ತಿರ ಪ್ರಸ್ತಾಪ ಮಾಡಿದೆ. ಅವರಿಗೆ ಅವ್ವನ ನೆನಪಿರಲಿಲ್ಲ. ನಾನು ಎಲ್ಲ ಹೇಳಿದ ಮೇಲೆ, “ಹಾಗಂದಿದ್ನಾ? ಸಮಾಧಾನಕ್ಕೆ ಹೇಳಿರಬೇಕು. ಅವರ ಹಾರ್ಟ್‌ಗೆ ಅದು ಯಾವತ್ತೂ ಆಗೋ ಮಾತಲ್ಲ” ಎಂದರು. ನನ್ನ ರಿಪೋರ್ಟ್ ಬಹಳ ಚೆನ್ನಾಗಿದೆ ಎಂದು ಕೈ ಕುಲುಕಿದರು.

“ಏನಂದ್ರು?” ಎಂದು ಬಾಗಿಲು ತೆಗೆಯುತ್ತಲೇ ಮಂಚದಿಂದ ಅವ್ವನ ದನಿ.

“ಗಾಯ ಪೂರ್ತಿ ಮಾಯಲಿ ಅಂದ್ರು.”

ಗಾಯ ಮಾಯಲಿಲ್ಲ. ಬಾಕಿ ತಿಂಗಳುಗಳನ್ನು ಅವಳು ನಡುಮನೆಯ ಮಂಚದ ಮೇಲೆ ಕಳೆದಳು. ನನ್ನ ಹೊಸ ಮೈಯಲ್ಲಿ ಬಲವಿತ್ತು. ಅವಳ ಕಂಕುಳಲ್ಲಿ ಕೈ ಹಾಕಿ ಎತ್ತಿ ಕೂರಿಸುತ್ತಿದ್ದೆ, ಸ್ನಾನ ಮಾಡಿಸುತ್ತಿದ್ದೆ. ಎತ್ತುವಾಗ ನನ್ನ ಕಿವಿಯ ಹತ್ತಿರ, “ಮೂಳೆ ಚುಚ್ತವೆ ನಿಂದು” ಎಂದು ಬೈಯುತ್ತಿದ್ದಳು. ಬಂದವರ ಎದುರು, “ನನ್ ಕಾಲ್ ತಿಂದು ಅವಳು ಓಡಾಡ್ತಾವ್ಳೆ” ಅನ್ನುತ್ತಿದ್ದಳು. ಬಂದವರು ನನ್ನ ಕಾಲು ನೋಡುತ್ತಿದ್ದರು.

ಒಂದು ಸಂಜೆ ಅವಳಿಗೆ ಮೆತ್ತಗೆ ಅನ್ನ ಕಲಸಿ ತಿನ್ನಿಸಿ, ನಾನು ಪಕ್ಕದಲ್ಲಿ ಬಟ್ಟಲಲ್ಲಿ ಎರಡು ತುತ್ತು ಹಾಕಿಕೊಂಡು ಕುಳಿತಿದ್ದೆ. ಅವಳು ಬಹಳ ಹೊತ್ತು ನನ್ನ ಬಟ್ಟಲನ್ನೇ ನೋಡಿದಳು.

“ಅಷ್ಟೇನಾ?”

“ಸಾಕು ನಂಗೆ.”

“ಸಾಕು ಅಂದ್ರೆ? ಬೇಕು ಅಂತ ಅನ್ಸಿ ತಡ್ಕತೀಯಾ, ಇಲ್ಲಾ ಬೇಕು ಅಂತ ಅನ್ಸೋದೇ ಇಲ್ವಾ?”

ಆಪರೇಷನ್ ಆದ ಮೇಲೆ ಅವಳು ನನ್ನನ್ನು ಏನಾದರೂ ತಿಳಿದುಕೊಳ್ಳಲು ಕೇಳಿದ್ದು ಅದೇ ಮೊದಲು.

“ಅನ್ಸೋದೇ ಇಲ್ಲ ಅವ್ವ. ಹೊತ್ತಾಯ್ತು ಅಂತ ತಿಂತೀನಿ. ತಿನ್ನದಿದ್ರೂ ಗೊತ್ತಾಗಲ್ಲ.”

“ಬೆಳಿಗ್ಗೆ ಎದ್ ತಕ್ಷಣ?”

“ಇಲ್ಲ.”

“ಒಗ್ಗರಣೆ ವಾಸನೆ ಬಂದ್ರೆ?”

“ವಾಸನೆ ಬರುತ್ತೆ. ಅಷ್ಟೇ.”

ಅವ್ವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು, ನಾನು ಯಾವುದೋ ಕ್ಷೇತ್ರಕ್ಕೆ ಹೋಗಿಬಂದು ಅಲ್ಲಿಯ ವಿಷಯ ಹೇಳುತ್ತಿದ್ದೇನೆ ಅನ್ನುವ ಹಾಗೆ. ಆಮೇಲೆ ಹೇಳಿದಳು:

“ನಾನು ಉಟ್ಟಿದಾಗ್ಲಿಂದ ಒಂದ್ ದಿನಾನೂ ಅಸಿವಿಲ್ದೆ ಇದ್ದಿಲ್ಲ ಕಣೆ. ಉಂಡು ಕೈ ತೊಳೀತಾ ಇರ್ತಿನಲ್ಲ, ಆಗ್ಲೂ ಅಸಿವೇಯ. ಎಲ್ರೂ ಬಾಯ್ ಚಪಲ ಅಂದ್ರು. ನಿಮ್ಮಪ್ಪನೂ ಅಂದ್ರು. ನಾನೂ ಅಂಗೇ ಅನ್ಕಂಡೆ.”

ಆ ಹಸಿವು ನನಗೆ ಗೊತ್ತಿತ್ತು. ನಲವತ್ತು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಅದೇ ಹಸಿವನ್ನು ಇಟ್ಟುಕೊಂಡು, ಒಬ್ಬರಿಗೊಬ್ಬರು ಹೇಳಿರಲಿಲ್ಲ.

“ನನ್ ಒಟ್ಟೇಲಿ ಉಟ್ಟಿದ್ ಒಟ್ಟೆ ಅದು” ಎಂದು ನನ್ನ ಹೊಟ್ಟೆಯ ಕಡೆ ಕೈ ತೋರಿಸಿದಳು. “ಅದುಕ್ ಮಾಡಿದ್ರು. ನಂಗ್ ಮಾಡ್ಲಿಲ್ಲ.”

ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದಿಷ್ಟು ಅನ್ನ ಇದೆಯಾ ಎಂದು ಕೇಳಿದಳು. ಕೊಟ್ಟೆ.

ಅದೇ ವರ್ಷ ಕಾರ್ತಿಕದಲ್ಲಿ ಅವ್ವ ಹೋದಳು. ನಮ್ಮಲ್ಲಿ ಕುಳಿತ ಭಂಗಿಯಲ್ಲಿ ಮಣ್ಣು ಮಾಡುವುದು. ಒಂದೇ ಕಾಲಿನ ದೇಹ ಪದ್ಮಾಸನದಲ್ಲಿ ನಿಲ್ಲದೆ ಒಂದು ಕಡೆಗೆ ವಾಲುತ್ತಿತ್ತು. ವಿಭೂತಿಗಟ್ಟಿಗಳನ್ನು ಇಟ್ಟು ಆನಿಸಬೇಕಾಯಿತು. ಗುಂಡಿ ಅಗಲ ಸಾಲದೆ, ಅಗೆದವರು ಎಲ್ಲರ ಎದುರಿಗೆ ಇನ್ನೊಂದು ಸಲ ಇಳಿದು ಅಗೆದರು. “ಮೊದ್ಲೇ ಹೇಳ್ಬಾರದಾ ಸ್ವಾಮಿ” ಎಂದು ಅವರಲ್ಲಿ ಒಬ್ಬ ಅಣ್ಣನಿಗೆ ಅಂದದ್ದು ನನಗೆ ಕೇಳಿಸಿತು.

ಆಪರೇಷನ್ ಮಾಡಿಸಿಕೊಂಡದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಯಾರಾದರೂ ಕೇಳಿದರೆ ಮಾಡಿಸಿಕೊಳ್ಳಿ ಅನ್ನುತ್ತೇನೆ, ಈಗ ಯಾರಿಂದಲೂ ಮುಚ್ಚಿಡುವುದಿಲ್ಲ. ಅದು ನನ್ನ ಸಕ್ಕರೆ, ಬಿ.ಪಿ., ಗೊರಕೆ, ಮಂಡಿನೋವು ಎಲ್ಲವನ್ನೂ ತೆಗೆದು ನನಗೆ ವರ್ಷಗಳನ್ನು ಕೊಟ್ಟಿತು. ಮಿಕ್ಕದ್ದನ್ನು ಅದು ಮುಟ್ಟುವುದಿಲ್ಲ. ಅಷ್ಟು ತಿಳಿದುಕೊಂಡು ಹೋಗಿ.

ಅವ್ವ ಹೋದ ಮಾರನೇ ವರ್ಷ, ಕಚೇರಿಯಲ್ಲಿ ಒಂದು ಕರಾರು ಪತ್ರ ಟೈಪ್ ಮಾಡುತ್ತ ಕುಳಿತಿದ್ದಾಗ, ಹೊಟ್ಟೆಯಲ್ಲಿ ಏನೋ ಆಯಿತು. ನೋವು ಅಂದುಕೊಂಡೆ. ಎದ್ದು ನೀರು ಕುಡಿದೆ, ಹೋಗಲಿಲ್ಲ. ನಮ್ಮ ಬಡಾವಣೆಯ ಅದೇ ಲೇಡಿ ಡಾಕ್ಟರ್ ಹತ್ತಿರ ಹೋದೆ. ಅವರು ಎಲ್ಲ ಕೇಳಿ ನಕ್ಕರು.

“ಅದು ಹಸಿವು ಶಶಿಕಲಾ. ಕೆಲವರಿಗೆ ಕೆಲವು ವರ್ಷದ ಮೇಲೆ ವಾಪಸ್ ಬರುತ್ತೆ. ಹೆದರಬೇಡಿ.”

ಸಕ್ಕರೆಯೂ ಸ್ವಲ್ಪ ಮೇಲಕ್ಕೆ ಬಂದಿತ್ತು. ಒಂದು ಸಣ್ಣ ಮಾತ್ರೆ ಬರೆದುಕೊಟ್ಟರು. ಮನೆಗೆ ಬಂದು ಅಕ್ಕಿ ರೊಟ್ಟಿ ತಟ್ಟಿದೆ. ಅರ್ಧ ಮುರಿದು, ಚೆನ್ನಾಗಿ ಅಗಿದು ತಿಂದೆ. ಉಳಿದರ್ಧದ ಮೇಲೆ ತಟ್ಟೆ ಮುಚ್ಚಿ ನಡುಮನೆಗೆ ಬಂದು ಕುಳಿತೆ. ಹಸಿವು ಹೋಗಿರಲಿಲ್ಲ.